ಮೂರು ಶಿಖರಕ್ಕೊಂದು ಎಡಸುತ್ತು

೧. ಲೆಕ್ಕದ ತಪ್ಪು

ನಮ್ಮ ಜನರ ಜೊತೆ ಬೆಟ್ಟಕ್ಕೆ ಹೋದರೆ ಬೆಟ್ಟ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೆನಪಿರುತ್ತದೆ. ಇದು ನನಗೆ ಒಂದು ಸಲ ಆಗಿದ್ದಲ್ಲ, ಹೋದಾಗಲೆಲ್ಲ ಆಗಿದೆ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಲೆಕ್ಕದ ಟೀಚರಿಗೆ ಬೇರೆ ಕ್ರಮ ಬರುವುದಿಲ್ಲ.

೨೦೨೦ರ ಮಾರ್ಚಿನ ಒಂದು ಗುರುವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಏಳನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಎದುರಿಗೆ ಕೂತು ನನ್ನ ಗಂಡ ಇಟಲಿ ಪ್ರವಾಸದ ಹಾಳೆ ಬರೆಯುತ್ತಿದ್ದರು. ಆ ಜೂನಿನಲ್ಲಿ ನಾಲ್ಕಾರು ಸ್ನೇಹಿತರ ಜೊತೆ ಡಾಲೊಮೈಟ್ಸ್ ಪರ್ವತಗಳಿಗೆ ಹೋಗಬೇಕು, ಅಲ್ಲಿ ಟ್ರೆ ಚಿಮೆ ಎಂಬ ಮೂರು ಶಿಖರಗಳನ್ನು ಒಂದು ಸುತ್ತು ನಡೆದು ಬರಬೇಕು ಎಂಬುದು ಅವರ ಆಸೆ. ಸುತ್ತು ಹತ್ತು ಕಿಲೋಮೀಟರು. ಎಲ್ಲರೂ ಹೇಳುವ ಪ್ರಕಾರ ನಾಲ್ಕು ಗಂಟೆಯ ನಡಿಗೆ. ಅವರ ಹಾಳೆಯಲ್ಲಿ ಮಾತ್ರ ಹೊರಡುವುದು ಎಂಟು ಹತ್ತಕ್ಕೆ, ವಾಪಸ್ ಬರುವುದು ಮೂರು ಹತ್ತಕ್ಕೆ ಎಂದಿತ್ತು.

"ತಪ್ಪು. ಎಂಟು ಹತ್ತಕ್ಕೆ ನಾಲ್ಕು ಗಂಟೆ ಕೂಡಿಸಿದರೆ ಹನ್ನೆರಡು ಹತ್ತು," ಎಂದೆ.

"ಆ ನಾಲ್ಕು ಗಂಟೆ ಬೆಟ್ಟಕ್ಕೆ. ನಮ್ಮ ಜನ ಜೊತೆಗಿರ್ತಾರಲ್ಲ, ಇನ್ನು ಮೂರು ಗಂಟೆ ಅವರಿಗೆ."

"ಮೂರು ಗಂಟೆ ಏನು ಮಾಡ್ತಾರೆ?"

"ಅದು ಗೊತ್ತಿದ್ದಿದ್ರೆ ಬರೀತಿರ್ಲಿಲ್ವಾ?"

ಕೈಯಲ್ಲಿ ಕೆಂಪು ಪೆನ್ನು ಇತ್ತು. ಮೂರು ಹತ್ತನ್ನು ಹೊಡೆದುಹಾಕಿ ಹನ್ನೆರಡು ಹತ್ತು ಎಂದು ಬರೆದೆ. ಅವರು ಅದರ ಕೆಳಗೆ ಪೆನ್ಸಿಲಿನಲ್ಲಿ ಮತ್ತೆ ಮೂರು ಹತ್ತು ಬರೆದರು. ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು: ಸೋಮವಾರದಿಂದ ಶಾಲೆ ಇಲ್ಲ.

ಪ್ರವಾಸ ಹೋಯಿತು. ಮುಂದಿನ ಜನವರಿಯಲ್ಲಿ ಅವರೂ ಹೋದರು. ಆಸ್ಪತ್ರೆಯೊಳಗೆ ನನ್ನನ್ನು ಬಿಡಲಿಲ್ಲ. ನನಗೂ ಸೋಂಕು ಇದ್ದದ್ದರಿಂದ ಅಂತ್ಯಕ್ರಿಯೆಯನ್ನು ಅದೇ ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ನಿಲ್ಲಿಸಿಕೊಂಡು ನೋಡಿದೆ. ಇಪ್ಪತ್ತೆರಡು ನಿಮಿಷ. ಅಂದಿನಿಂದ ನನಗೆ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ, ಮೊದಲು ಅವರ ಮೇಲೆಯೇ. ವಾದದ ನಡುವೆ ಎದ್ದು ಹೋಗುವುದು ಅವರಿಗೆ ಮೊದಲಿನಿಂದಲೂ ಅಭ್ಯಾಸ.

೨. ಎರಡೇ ಕಾಲಂ

೨೦೨೩ರಲ್ಲಿ ಪಕ್ಕದ ರಾಜ್ಯದ ಏಪೆಕ್ಸ್‌ನಿಂದ ನನ್ನ ಗಂಡನ ಗೆಳೆಯರೊಬ್ಬರು ಫೋನ್ ಮಾಡಿದರು. ಇಂಜಿನಿಯರು.

"ಅತ್ತಿಗೆ, ಆ ಇಟಲಿ ಟ್ರಿಪ್ ಈ ಸಮ್ಮರ್‌ನಲ್ಲಿ ಮಾಡೇಬಿಡೋಣ. ನಾನು ಲೀಡ್ ಮಾಡ್ತೀನಿ."

ಇಲ್ಲಿಂದ ಮುಂದೆ ಅವರನ್ನು ಲೀಡರ್ ಎನ್ನುತ್ತೇನೆ. ಟಿ-ಶರ್ಟಿನ ಬೆನ್ನ ಮೇಲೆ ಅವರೇ ಹಾಗೆ ಪ್ರಿಂಟ್ ಮಾಡಿಸಿಕೊಂಡಿದ್ದರು.

ನಾನು ಒಪ್ಪಿದ್ದಕ್ಕೆ ಒಂದೇ ಕಾರಣ. ಹನ್ನೆರಡು ಹತ್ತಕ್ಕೆ ಆ ಸುತ್ತು ಮುಗಿಸಿ ವಾದ ಗೆಲ್ಲಬೇಕಿತ್ತು. ಲೀಡರಿಗೆ ಇದನ್ನು ಹೇಳಲಿಲ್ಲ. ಅವರು ಹೆಸರು ಬರೆಯಲು ಒಂದು ಸ್ಪ್ರೆಡ್‌ಶೀಟ್ ಕಳಿಸಿದರು. ಅದರಲ್ಲಿ ಎರಡೇ ಕಾಲಂ: ಕಪಲ್, ಸೀನಿಯರ್. ಲೀಡರ್ ಮತ್ತು ಅವರ ಹೆಂಡತಿ ಕಪಲ್. ಐವತ್ತೊಂದು ವರ್ಷದ ನಾನು ಸೀನಿಯರ್.

ಆ ಕಾಲಂನಲ್ಲಿ ನನ್ನ ಮೇಲೆ ಇನ್ನೊಂದು ಹೆಸರಿತ್ತು. ಧಾರವಾಡದ ಆಂಟಿ, ಎಪ್ಪತ್ತು ವರ್ಷ, ಸುವಾನಿಯಲ್ಲಿ ಡಾಕ್ಟರ್ ಮಗನ ಮನೆಯಲ್ಲಿರುವವರು. ಜೊತೆಗೆ ಅವರ ಮೊಮ್ಮಗಳು, ಹದಿಮೂರು ವರ್ಷ. ಒಟ್ಟು ಐದು ಜನ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ, ರೂಮ್ ಶೇರಿಂಗ್‌ಗೋಸ್ಕರ ಅಷ್ಟೆ," ಎಂದರು ಲೀಡರ್.

ತಪ್ಪು ತಿಳಿದುಕೊಂಡೆ. ಆಂಟಿಗೆ ಫೋನ್ ಮಾಡಿ, "ನಮ್ಮಿಬ್ಬರನ್ನೂ ಸೀನಿಯರ್ ಅಂತ ಹಾಕಿದ್ದಾರೆ ನೋಡಿದಿರಾ?" ಎಂದು ಕೇಳಿದೆ. ಧಾರವಾಡದ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಆಂಟಿ ಹೇಳಿದರು:

"ನೋಡೇನ್ರಿ ಅಕ್ಕೋರ. ನನಗೂ ಭಾಳ ಬ್ಯಾಸರಾತು. ನೀವ್ ಕಂಡಾಪಟ್ಟಿ ಗೊರಕಿ ಹೊಡೀತೀರೇನು?"

೩. ಅಭ್ಯಾಸ

ಹೋಗುವ ಮೊದಲು ಕಾಲಿಗೆ ಅಭ್ಯಾಸ ಆಗಲಿ ಎಂದು ಲೀಡರ್ ಉತ್ತರ ಜಾರ್ಜಿಯಾದ ಒಂದು ಜಲಪಾತದ ದಾರಿಗೆ ಎಲ್ಲರನ್ನೂ ಕರೆದರು. ಏಪೆಕ್ಸ್‌ನಿಂದ ಆರು ಗಂಟೆ ಡ್ರೈವ್ ಮಾಡಿಕೊಂಡು ಬಂದರು. ಪ್ರತಿಯೊಬ್ಬರೂ ಒಂದು ಸಣ್ಣ ತಿಂಡಿ ತರಬೇಕೆಂದು ಮೆಸೇಜ್ ಹಾಕಿದ್ದರು.

ಲೀಡರ್ ಹೆಂಡತಿ ದೊಡ್ಡ ಪಾತ್ರೆಯ ತುಂಬ ಪುಳಿಯೋಗರೆ ತಂದರು. ಆಂಟಿ ಇಪ್ಪತ್ತು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಒಂದು ಚೀಲ ಹಸಿ ಈರುಳ್ಳಿ ತಂದರು. ನಾನು ಐದು ಬಾಳೆಹಣ್ಣು ತಂದೆ, ತಲೆಗೊಂದು.

"ಮೊದಲು ಒಂದ್ ತುತ್ತು ತಿಂದು ಹೊರಡೋಣ," ಎಂದರು ಲೀಡರ್ ಹೆಂಡತಿ. ಪಾರ್ಕಿಂಗ್ ಲಾಟಿನ ಪಕ್ಕದ ಮರದ ಮೇಜಿನಲ್ಲಿ ತಿಂದರು. ತಿಂದ ಮೇಲೆ ಲೀಡರ್, "ಐದು ನಿಮಿಷ ಕಣ್ಣು ಮುಚ್ತೀನಿ," ಎಂದು ಕಾರಿನ ಸೀಟು ಹಿಂದಕ್ಕೆ ಮಾಡಿದರು. ಒಂದು ಗಂಟೆ ನಲವತ್ತು ನಿಮಿಷ ಮುಚ್ಚಿದ್ದರು.

ಲೀಡರ್ ಹೆಂಡತಿ ನನ್ನ ಭುಜ ಹಿಡಿದು ಮೃದುವಾಗಿ ಹೇಳಿದರು, "ಅವರು ಇದ್ದಿದ್ರೆ ಇವತ್ತು ಎಷ್ಟು ಖುಷಿ ಪಡ್ತಿದ್ರು ಅಲ್ವಾ?"

"ಅವರು ಇದ್ದಿದ್ದರೆ ಜಲಪಾತ ನೋಡುತ್ತಿದ್ದರು," ಎಂದೆ.

ಲೀಡರ್ ಎದ್ದ ಮೇಲೆ ಮೊಮ್ಮಗಳು ತನ್ನ ಗಡಿಯಾರ ನೋಡಿ ಲೀಡರಿಗೆ ವರದಿ ಒಪ್ಪಿಸಿದಳು: "ಅಂಕಲ್, ನಾವು ಟೋಟಲ್ ಫೋರ್ ಹಂಡ್ರೆಡ್ ಸ್ಟೆಪ್ಸ್ ಮಾಡಿದ್ವಿ. ತ್ರೀ ಹಂಡ್ರೆಡ್ ರೆಸ್ಟ್‌ರೂಮ್‌ಗೆ."

೪. ಗುಡಿ ಮುಂದಿನ ಚಪ್ಪಲಿ

ಇಟಲಿಯ ಆ ಬೆಟ್ಟಗಳಲ್ಲಿ ನಡೆಯುವವರಿಗೆಂದು ಅಲ್ಲಲ್ಲಿ ತಂಗುಮನೆಗಳಿವೆ. ಬೂಟು ಬಾಗಿಲ ಬಳಿಯ ಗೂಡಿನಲ್ಲಿ ಬಿಟ್ಟು, ಒಳಗೆ ಮನೆ ಚಪ್ಪಲಿ ಹಾಕಿಕೊಂಡು ಓಡಾಡಬೇಕು. ಮೊದಲ ರಾತ್ರಿ ನಾವು ಉಳಿದ ಕಡೆ ಈ ನಿಯಮ ಕೇಳಿ ಆಂಟಿ ಬಹಳ ಸಂತೋಷಪಟ್ಟರು.

"ನೋಡ್ರಿ ಅಕ್ಕೋರ, ಇವ್ರು ನಮ್ಮಂಗ. ಮಡಿ ಮೈಲಿಗಿ ತಿಳದ ಮಂದಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅರ್ಧ ಮೈಲಿ ನಡೆದಿರಬೇಕು, ಹಿಂದಿನಿಂದ ಯಾರೋ ಕೂಗುವುದು ಕೇಳಿಸಿತು. ಆರಡಿಗೂ ಮೀರಿದ ಒಬ್ಬ ಜರ್ಮನ್ ಮನುಷ್ಯ, ಕಾಲಲ್ಲಿ ತಂಗುಮನೆಯ ಬಟ್ಟೆ ಚಪ್ಪಲಿ, ಕಲ್ಲಿನ ದಾರಿಯಲ್ಲಿ ಏಳುತ್ತಾ ಬೀಳುತ್ತಾ ಓಡಿ ಬರುತ್ತಿದ್ದ.

ಮೊಮ್ಮಗಳು ಅಜ್ಜಿಯ ಕಾಲು ನೋಡಿದಳು. "ಅಜ್ಜಿ! ಇದು ನಿನ್ನ ಶೂ ಅಲ್ಲ!"

ಆಂಟಿ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದರಿಂದ ಅಳತೆಯಲ್ಲಿ ಅವರಿಗೆ ಅನುಮಾನ ಬಂದಿರಲಿಲ್ಲ. ನನಗೆ ನಾಚಿಕೆಯಿಂದ ಮೈ ಉರಿಯಿತು. ಆಂಟಿಗೆ ಏನೂ ಉರಿಯಲಿಲ್ಲ.

"ಎಷ್ಟ್ ಬೂಟು ಇದ್ವು ಅಲ್ಲೆ! ಗುಡಿ ಮುಂದ ಹಿಂಗ ಆಗೂದ. ಅವಂಗ ಹೇಳ್ರಿ, ಕಾಲಾಗಿಂದು ಹೋದ್ರ ಶನಿ ಬಿಟ್ಟಂಗ ಅಂತ."

ಲೀಡರ್ ಗಂಭೀರವಾಗಿ ಇಂಗ್ಲಿಷಿನಲ್ಲಿ ತಿಳಿಸಿದರು: ನಮ್ಮಲ್ಲಿ ಬೂಟು ಕಳೆದುಹೋದರೆ ಕೆಟ್ಟ ಗ್ರಹ ನಮ್ಮನ್ನು ಬಿಟ್ಟುಹೋಯಿತು ಎನ್ನುತ್ತಾರೆ.

ಆ ಮನುಷ್ಯ ಆಂಟಿಯನ್ನು ಮೇಲಿಂದ ಕೆಳಗಿನ ತನಕ ನೋಡಿ ಹೇಳಿದ, "ನನ್ನ ಗ್ರಹ ನಿಧಾನಕ್ಕೆ ನಡೆಯುತ್ತಿತ್ತು. ಅದಕ್ಕೇ ಸಿಕ್ಕಿತು."

೫. ಎಡಸುತ್ತು

ಟ್ರೆ ಚಿಮೆಯ ದಿನ ಸರಿಯಾಗಿ ಎಂಟು ಹತ್ತಕ್ಕೆ ದಾರಿಯ ಬಾಯಲ್ಲಿ ನಿಂತಿದ್ದೆವು. ಕೋಟಿನ ಒಳಜೇಬಿನಲ್ಲಿ ನನ್ನ ಗಂಡನ ಆ ಹಾಳೆ ಇತ್ತು, ಕೆಂಪು ಶಾಯಿ, ಪೆನ್ಸಿಲು ಎಲ್ಲ ಸೇರಿ. ಎಲ್ಲರೂ ನಡೆಯುವುದು ಪೂರ್ವಕ್ಕೆ, ಶಿಖರಗಳು ಎಡಗಡೆ ಬರುವ ಹಾಗೆ. ಹಾಳೆಯಲ್ಲೂ ಹಾಗೆಯೇ ಇತ್ತು.

ಹತ್ತು ಹೆಜ್ಜೆ ಹೋಗಿ ಆಂಟಿ ನಿಂತರು.

"ಎಡಕ್ಕ ಇಟ್ಕೊಂಡು ಯಾರರ ಸುತ್ತ ಹಾಕ್ತಾರೇನ್ರಿ? ಇದು ಅಪ್ರದಕ್ಷಿಣಿ. ಹಿಂದಿನಿಂದ ಹೋಗೂಣು, ಬಲಕ್ಕ ಇಟ್ಕೊಂಡು."

"ಆಂಟಿ, ಇದು ದೇವಸ್ಥಾನ ಅಲ್ಲ, ನ್ಯಾಚುರಲ್ ಲ್ಯಾಂಡ್‌ಮಾರ್ಕು," ಎಂದರು ಲೀಡರ್.

"ಮೂರ್ ಲಿಂಗ ನಿಂತಂಗ ನಿಂತಾವ, ಕಣ್ ಕಾಣಂಗಿಲ್ಲೇನು ನಿನಗ?"

ಲೀಡರ್ ಮ್ಯಾಪ್ ತೋರಿಸಿದರು. ಲೀಡರ್ ಹೆಂಡತಿ, "ಆಂಟಿ ಹೇಳೋದೂ ಸರೀನೇ, ಯಾಕೆ ರಿಸ್ಕು," ಎಂದರು. ಇಬ್ಬರು ಬಲಕ್ಕೆ, ಮೂವರು ಎಡಕ್ಕೆ ಹೋಗಿ ನಡುವೆ ಸೇರುವುದೆಂದು ಒಂದು ಯೋಜನೆ ಆಯಿತು. ಬುತ್ತಿಗೆಂದು ತಂದಿದ್ದ ಒಂದೇ ಗೊಜ್ಜವಲಕ್ಕಿಯ ಡಬ್ಬಿ ಯಾರ ಕಡೆ ಎಂಬಲ್ಲಿ ಮುರಿದುಬಿತ್ತು. ಎಂಟು ನಲವತ್ತೈದು. ಆಂಟಿ ಒಂದು ಬಂಡೆಯ ಮೇಲೆ ಕೂತುಬಿಟ್ಟರು.

"ಸತ್ತವರ ಸುತ್ತ ಅಷ್ಟ ಹಂಗ ಎಡಕ್ಕ ತಿರಗ್ತಾರ. ನಾ ಒಲ್ಲೆ."

ಇಪ್ಪತ್ತಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ತರಗತಿಯಲ್ಲಿ ಒಮ್ಮೆಯೂ ಕೂಗಿದವಳಲ್ಲ. ಅಲ್ಲಿ ಕೂಗಿದೆ.

"ಆಂಟಿ, ನನ್ನ ಗಂಡನ ಸುತ್ತ ನಾನು ಬಲಕ್ಕೂ ಬಂದಿಲ್ಲ, ಎಡಕ್ಕೂ ಬಂದಿಲ್ಲ! ಊಟದ ಮೇಜಿನ ಮುಂದೆ ಕೂತಿದ್ದೆ! ಇದು ಅವರು ಬರೆದ ದಾರಿ. ನಾನು ಎಡಕ್ಕೇ ಹೋಗೋದು. ಯಾರು ಬರ್ತೀರೋ ಬನ್ನಿ, ಬಿಡ್ತೀರೋ ಬಿಡಿ!"

ದಾರಿಯಲ್ಲಿ ಹೋಗುತ್ತಿದ್ದ ಇಟಲಿಯವರೂ ನಿಂತರು. ಆಂಟಿ ನನ್ನನ್ನೇ ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದರು.

"ನಡೀರಿ ಅಕ್ಕೋರ. ಎಡಕ್ಕ ಹೋಗೂಣು. ಮೊದಲ ಹೇಳಬಾರದೇನು?"

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಆಂಟಿ ದೇವರ ಕಡೆಯನ್ನೂ ಬಿಟ್ಟುಕೊಡುವವರಲ್ಲ. ನನಗಾಗಿ ಎಡಕ್ಕೆ ನಡೆದದ್ದಕ್ಕೆ ಪರಿಹಾರವಾಗಿ, ತಿರುವು ಬಂದಾಗಲೆಲ್ಲ ನಿಂತು, ಶಿಖರಕ್ಕೆ ಕೈಮುಗಿದು, ನಿಂತಲ್ಲೇ ಬಲಕ್ಕೆ ಮೂರು ಆತ್ಮಪ್ರದಕ್ಷಿಣೆ ಹಾಕತೊಡಗಿದರು. ಹತ್ತು ಕಿಲೋಮೀಟರಿನಲ್ಲಿ ತಿರುವುಗಳು ಬಹಳ.

ಕಣಿವೆಯ ತುದಿಯಲ್ಲಿ, ಮೂರು ಶಿಖರಗಳೂ ಒಟ್ಟಿಗೆ ಕಾಣುವ ಕಡೆ, ಇಟಲಿಯ ಒಂದು ಗುಂಪು ಆಂಟಿಯನ್ನು ಕುತೂಹಲದಿಂದ ನೋಡುತ್ತಿತ್ತು. ಒಬ್ಬಾಕೆ ಲೀಡರನ್ನು ಕೇಳಿದಳು, "ಯೋಗಾ?"

"ಯೆಸ್. ವೆರಿ ಏನ್ಶಿಯಂಟ್," ಎಂದರು ಲೀಡರ್.

ಮುಗಿಯಿತು. ಆ ಗುಂಪಿನವರೆಲ್ಲ ಚೀಲ ಕೆಳಗಿಟ್ಟು ಸಾಲಾಗಿ ನಿಂತರು. ಎಣಿಸಿದೆ, ಹನ್ನೊಂದು ಜನ. ಆಂಟಿ ತಿರುಗಿದರೆ ಅವರೂ ತಿರುಗುವುದು. ಒಬ್ಬ ಎಡಕ್ಕೆ ತಿರುಗಿದ. ಆಂಟಿ ಹೋಗಿ ಅವನ ಎರಡೂ ಭುಜ ಹಿಡಿದು, "ಈ ಕಡೆ, ತಮ್ಮಾ, ಈ ಕಡೆ," ಎಂದು ಬಲಕ್ಕೆ ತಿರುಗಿಸಿ ಬಿಟ್ಟರು. ಒಬ್ಬ ಮುದುಕನಿಗೆ ತಲೆ ಸುತ್ತಿತು. ಅವನನ್ನು ಕೂರಿಸಿ, ನೀರು ಕೊಟ್ಟು, ಗೊಜ್ಜವಲಕ್ಕಿ ಕೊಟ್ಟದ್ದಾಯಿತು. ಖಾರಕ್ಕೆ ಅವನ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

ಆಂಟಿ ನನ್ನ ಕಡೆ ತಿರುಗಿ ಪಿಸುಗುಟ್ಟಿದರು, "ಪಾಪ, ಭಕ್ತಿ ಹೆಚ್ಚಾತು ನೋಡ್ರಿ."

ನನಗೆ ನಗು ಬಂತು. ನಕ್ಕದ್ದಕ್ಕೂ ಸಿಟ್ಟು ಬಂತು. ಹನ್ನೆರಡು ಹತ್ತು ಅಲ್ಲೇ ದಾಟಿಹೋಯಿತು.

ಉತ್ತರದ ಇಳಿಜಾರಿನಲ್ಲಿ ಹಸುಗಳಿದ್ದವು. ಆಂಟಿ ಒಂದೊಂದರ ಬೆನ್ನನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡದ್ದಾಯಿತು. ಲೀಡರ್ ಐದು ನಿಮಿಷ ಕಣ್ಣು ಮುಚ್ಚಿದರು. ಕೊನೆಯ ಏರಿನಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡು ನಡೆದರು. ಪಾರ್ಕಿಂಗ್ ಲಾಟಿಗೆ ಬಂದಾಗ ಲೀಡರ್ ಹೆಂಡತಿ ತಲೆ ಎಣಿಸಿ ಐದೂ ಇವೆ ಎಂದರು. ನಾನು ಹಾಳೆ ತೆಗೆದೆ. ಪೆನ್ಸಿಲಿನ ಮೂರು ಹತ್ತು ಹಾಗೇ ಇತ್ತು. ಆಮೇಲೆ ಗಡಿಯಾರ ನೋಡಿದೆ.

ಮೂರು ಗಂಟೆ ಎಂಟು ನಿಮಿಷ.