ಡಿಜೆ ದಿನಕರನ ರೆಕಾರ್ಡರು

ಯಲ್ಲಾಪುರದ ಶಿವಲಿಂಗಪ್ಪನವರು ಬೆಳಗಿನ ಏಳು ಗಂಟೆಗೇ ಫೋನು ಮಾಡದೇ ಇದ್ದಿದ್ದರೆ, ದಿನಕರ ಆ ಭಾನುವಾರದ ಬೆಳಗನ್ನು ದೋಸೆ ಚಟ್ನಿ ತಿಂದುಕೊಂಡು ಸುಖವಾಗಿಯೇ ಕಳೆಯುತ್ತಿದ್ದ.

"ಮಗನ ಆರತಕ್ಷತೆಗೆ ಡಿಜೆ ಬೇಕ್ರಿ. ನಿಮ್ಮ ಹೆಸರು ಯಾರೋ ಹೇಳಿದ್ರು. ಆದ್ರ ಕೇಳದ ಒಪ್ಪೂ ಮನಶ್ಯಾ ಅಲ್ಲ ನಾನು. ಹಾಡು ಏನ್ ಬಿಡ್ರಿ, ಕ್ಯಾಸೆಟ್ ಅಂಗಡ್ಯಾಗೂ ಸಿಗ್ತಾವ. ನೀವು ಹಾಡು ಹಾಕಿದಾಗ ಮಂದಿ ಕುಣೀತಾರೋ, ಎದ್ದು ಹೋಗ್ತಾರೋ, ಅದು ನನ್ನ ಕಿವಿಗೆ ಬೀಳಬೇಕು. ಇವತ್ತ ಸಂಜಿಕೆ ಶಿರಸಿಗೆ ಬರ್ತೀನಿ. ಬಸ್‌ಸ್ಟ್ಯಾಂಡಿನಾಗ ಕೇಳಸ್ರಿ."

ಅದು ಎರಡು ಸಾವಿರದ ನಾಲ್ಕನೇ ಇಸವಿ. ದಿನಕರ ಹನ್ನೆರಡು ವರ್ಷದಿಂದ ಶಿರಸಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಹಿಂದಿನ ವರ್ಷ ಎರಡು ಸಿಡಿ ಪ್ಲೇಯರು, ಒಂದು ಮಿಕ್ಸರು, ಎದೆ ನಡುಗಿಸುವ ನಾಲ್ಕು ಸ್ಪೀಕರು ತಂದು, ಅಂಗಡಿಯ ಮೇಲೆ 'ಡಿಜೆ ದಿನಕರ' ಎಂದು ಬೋರ್ಡು ಬರೆಸಿದ್ದ. ಬೋರ್ಡು ಬದಲಾಯಿತು, ಊರಿನವರ ಬಾಯಿ ಬದಲಾಗಲಿಲ್ಲ. ಎಲ್ಲರಿಗೂ ಅವನು 'ಮೈಕಿನ ದಿನಕರ'ನೇ. ಹೆಂಡತಿ ಸೌಮ್ಯ ಕೂಡ ಯಾರಾದರೂ ವಿಳಾಸ ಕೇಳಿದರೆ ಹಾಗೆಯೇ ಹೇಳುತ್ತಿದ್ದಳು. ಪರ ತಾಲ್ಲೂಕಿನವರು ಒಮ್ಮೆ ಡಿಜೆ ಎಂದು ಮರ್ಯಾದೆಯಿಂದ ಕರೆಸಿಕೊಂಡರೆ, ಶಿರಸಿಯವರಿಗೂ ನಾಲಿಗೆ ಹೊರಳೀತು ಎಂದು ಅವನು ಕಾದು ಕುಳಿತಿದ್ದ. ಯಲ್ಲಾಪುರದ ಈ ಕರೆ ಅಂಥದ್ದು.

ಅದೃಷ್ಟಕ್ಕೆ ಅವತ್ತೇ ಮಧ್ಯಾಹ್ನ ಶಿರಸಿಯ ಕಲ್ಯಾಣಮಂಟಪದಲ್ಲಿ ಒಂದು ಆರತಕ್ಷತೆಗೆ ಅವನದೇ ಡಿಜೆ. ಅದನ್ನು ರೆಕಾರ್ಡ್ ಮಾಡಿದರಾಯಿತು.

"ನಿಮ್ಮ ಮಿಕ್ಸರಿಗೇ ಒಂದು ವಯರು ಚುಚ್ಚಿ ರೆಕಾರ್ಡ್ ಮಾಡ್ಕೊಳ್ಳಿ" ಎಂದಳು ಸೌಮ್ಯ.

"ಅದ್ರಲ್ಲಿ ಹಾಡು ಮಾತ್ರ ಬರ್ತದೆ ಮಾರಾಯ್ತಿ. ಜನರ ಕೂಗು, ಶಿಳ್ಳೆ ಬರೂದಿಲ್ಲ. ಕೈಯಲ್ಲಿ ಹಿಡ್ಕೊಂಡು ಜನರ ಮಧ್ಯ ನಿಲ್ಲೂವಂಥದು ಬೇಕು."

ಈ ಮಾತು ಬೇಲಿಯಾಚೆ ಹಲ್ಲುಜ್ಜುತ್ತಿದ್ದ ವಿಘ್ನೇಶ್ವರ ಹೆಗಡೆಯವರ ಕಿವಿಗೆ ಬಿತ್ತು. ಅಲ್ಲಿಗೆ ದಿನಕರನ ಕೆಲಸ ಅವರ ಕೆಲಸವಾಯಿತು. ನಿವೃತ್ತ ಪೋಸ್ಟ್ ಮಾಸ್ಟರರಾದ ಹೆಗಡೆಯವರು ಮೂವತ್ತು ವರ್ಷದಿಂದ ಸುತ್ತಲಿನ ಯಾವ ತಾಳಮದ್ದಳೆಯನ್ನೂ ತಪ್ಪಿಸಿದವರಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಾಳಗ ನಡೆಸುವ ಅರ್ಥಧಾರಿಗಳ ಮುಂದೆ ಟೇಪ್ ರೆಕಾರ್ಡರುಗಳ ಸಾಲು ಇರುತ್ತದಲ್ಲ, ಅದರಲ್ಲಿ ಮೊದಲನೆಯದು ಇವರದು. ಮನೆಯಲ್ಲಿ ಪಾತ್ರೆಗಿಂತ ಕ್ಯಾಸೆಟ್ಟೇ ಹೆಚ್ಚು ಎಂದು ಅವರ ಹೆಂಡತಿ ಪರಿಮಳಕ್ಕನ ದೂರು.

"ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೊರಟಿದ್ದು? ಆಸ್ರಿಗೆ ಚಾ ಕುಡದ್ದೂ ಇಲ್ಲೆ!" ಒಳಗಿನಿಂದ ಪರಿಮಳಕ್ಕ ಕೂಗಿದರು.

"ಆನು ಈಗ ಬತ್ತೆ. ದಿನಕರಂಗೆ ಸಹಾಯ ಬೇಕಡ."

"ಅವ ಕರದಿದ್ನಾ?"

"ಕರೀಲೇಬೇಕು ಹೇಳಿ ಇದ್ದಾ?"

ಹೆಗಡೆಯವರು ಮೊದಲು ತಮ್ಮದೇ ಟೇಪ್ ರೆಕಾರ್ಡರು ಹೊತ್ತು ತಂದರು. ಅದರೊಳಗೆ ಆರು ದಪ್ಪ ಸೆಲ್ಲು, ಮುಚ್ಚಳಕ್ಕೆ ಬಾಳೆನಾರಿನ ಕಟ್ಟು.

"ಹೆಗ್ಡೇರೇ, ಇದನ್ನ ಹೊತ್ಕೊಂಡು ಮಂಟಪಕ್ಕೆ ಹೋದ್ರೆ ಗ್ಯಾಸ್ ಸಿಲಿಂಡರ್ ತಂದವ ಅಂತ ಅಡುಗೆಮನೆಗೆ ಕಳಿಸ್ತಾರೆ" ಎಂದ ದಿನಕರ.

ಇಬ್ಬರೂ ಪೇಟೆಯ ಮಂಜಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದರು. ಮಂಜಪ್ಪ ಆಗಷ್ಟೇ ಊದುಬತ್ತಿ ಹಚ್ಚಿದ್ದ. ಒಂದು ದಿನದ ಮಟ್ಟಿಗೆ ಪರೀಕ್ಷೆಗೆ ಕೊಡುತ್ತೇನೆ ಎಂದು ಒಪ್ಪಿ, ಎರಡು ರೆಕಾರ್ಡರು ಮುಂದಿಟ್ಟ. ಒಂದು, ಕೆಂಪು ಗುಂಡಿಯ ವಾಕ್‌ಮನ್. ಇನ್ನೊಂದು, ಕ್ಯಾಸೆಟ್ಟೇ ಬೇಡದ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಡಿಜಿಟಲ್ಲು.

ದಿನಕರ ಡಿಜಿಟಲ್ಲಿಗೆ ಕೈ ಹಾಕುವಷ್ಟರಲ್ಲಿ ಹೆಗಡೆಯವರು ತಡೆದರು. "ತಡಿ ಮಾರಾಯ. ರೆಕಾರ್ಡರಿನ ಯೋಗ್ಯತೆ ತಿಳೀಬೇಕಾದ್ರೆ ಚಂಡೆ ಬಡೀಬೇಕು. ಚಂಡೆ ತಡೆದಿದ್ದು ಎಂತ ಬೇಕಾದ್ರೂ ತಡೀತದೆ."

"ಚಂಡೆ ಎಲ್ಲಿಂದ ತರೂದು?" ಎಂದ ಮಂಜಪ್ಪ.

ಹೆಗಡೆಯವರು ಅವನ ಖಾಲಿ ಬಿಸ್ಕತ್ತಿನ ಡಬ್ಬಿ ಕವುಚಿ ಹಾಕಿ, ಎರಡು ಪೆನ್ಸಿಲ್ಲು ಹಿಡಿದು, ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟರು. ಪೇಟೆಯೆಲ್ಲ ತಿರುಗಿ ನೋಡಿತು. ತರಕಾರಿ ಚೀಲ ಹಿಡಿದ ಒಬ್ಬರು ಒಳಗಿಣುಕಿ, "ಎಂತ ಮಂಜಪ್ಪ, ಇವತ್ತು ಇಲ್ಲೇ ಯಕ್ಷಗಾನದ ಆಟವಾ?" ಎಂದು ಕೇಳಿದರು. ಇನ್ನೊಬ್ಬರು ಚಪ್ಪಲಿ ಬಿಟ್ಟು ಕುಳಿತೇಬಿಟ್ಟರು.

ವಾಕ್‌ಮನ್ನಿನಲ್ಲಿ ಆ ಚಂಡೆ, ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು. ಡಿಜಿಟಲ್ಲಿನಲ್ಲಿ ಮಾತ್ರ ಪೆಟ್ಟು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಮಂಜಪ್ಪ ಹಿಗ್ಗಿದ. "ನೋಡಿ, ದೊಡ್ಡ ಸದ್ದು ಬಂದ್ರೆ ತಾನೇ ತಗ್ಗಿಸ್ತದೆ. ಹತ್ರ ಒಂದು ಇರುವೆ ಕೆಮ್ಮಿದ್ರೂ ಎತ್ತಿ ಹಿಡೀತದೆ!"

"ಇದೇ ಸೈ" ಎಂದರು ಹೆಗಡೆಯವರು, ತಮಗೇ ಕೊಂಡವರ ಹಾಗೆ.

ಹನ್ನೊಂದೂವರೆಗೆ ಮಂಟಪದಲ್ಲಿ ದಿನಕರನ ಸ್ಪೀಕರು ಗುಡುಗಲು ಶುರುವಾಯಿತು. ರೆಕಾರ್ಡರನ್ನು ಅವನು ಸಭೆಯ ನಡುವಿನ ಹೂವಿನ ಸ್ಟ್ಯಾಂಡಿನಲ್ಲಿ, ಸೇವಂತಿಗೆಯ ಮಧ್ಯೆ ಹುದುಗಿಸಿಟ್ಟಿದ್ದ. ಎರಡನೇ ಹಾಡಿಗೆ ನಾಲ್ಕು ಹುಡುಗರು ಎದ್ದು ಕುಣಿದರು. ಮೂರನೆಯದಕ್ಕೆ ವರನ ಸೋದರಮಾವ ಪಂಚೆ ಎತ್ತಿ ಕಟ್ಟಿದರು. ದಿನಕರನ ಎದೆ ಸ್ಪೀಕರಿಗಿಂತ ಹೆಚ್ಚು ಉಬ್ಬಿತು. ಅಷ್ಟರಲ್ಲಿ ವಧುವಿನ ಸೋದರತ್ತೆ ವೇದಿಕೆ ಹತ್ತಿ, ಹಾಡು ನಿಲ್ಲಿಸಲು ಕೈ ಮಾಡಿ, ಮೈಕು ಕಸಿದುಕೊಂಡರು.

"ಯಾರದೋ ಮೊಬೈಲು ಹೂವಿನಲ್ಲಿ ಸಿಕ್ಕಿದೆ. ಗುರುತು ಹೇಳಿ ತಗೊಂಡು ಹೋಗಿ!"

ಏಳು ಜನ ಬಂದರು. ದಿನಕರ ಎಂಟನೆಯವನು.

"ನಿಮ್ದಾದ್ರೆ ನಂಬರ್ ಹೇಳಿ" ಎಂದರು ಸೋದರತ್ತೆ.

"ಇದಕ್ಕೆ ನಂಬರ್ ಇಲ್ಲ ಅಮ್ಮಾ."

"ನಂಬರಿಲ್ಲದ ಮೊಬೈಲು ನಿಮ್ದು ಅಂತ ಹೇಗೆ ನಂಬೂದು?"

ಕೊನೆಗೆ ಹೆಗಡೆಯವರೇ ಬಂದು ಸಾಕ್ಷಿ ಹೇಳಬೇಕಾಯಿತು. ಅವರಿಗೆ ಆ ಆರತಕ್ಷತೆಗೆ ಆಮಂತ್ರಣವೇ ಇರಲಿಲ್ಲ. ರೆಕಾರ್ಡರಿನ ಸಂಗಡ ಬಂದಿದ್ದರು.

"ಕೊಡು ಇಲ್ಲಿ" ಎಂದರು ಹೆಗಡೆಯವರು. "ಯಂತ್ರ ಇಟ್ಟು ಹೋಗೂದಲ್ಲ, ಹಿಡೀಬೇಕು. ಮೂವತ್ತು ವರ್ಷದ ಅನುಭವ. ನನ್ನ ಕೈ ಒಂದು ಎಳ್ಳಿನಷ್ಟೂ ನಡುಗೂದಿಲ್ಲ."

ಹೆಗಡೆಯವರು ಕುಣಿಯುವವರ ಪಕ್ಕದ ಕಂಬಕ್ಕೆ ಒರಗಿ, ರೆಕಾರ್ಡರನ್ನು ಎದೆಯ ಹತ್ತಿರ ದೀಪದ ಹಾಗೆ ಹಿಡಿದು ನಿಂತರು. ವೇದಿಕೆಯಿಂದ ದಿನಕರ ಆಗಾಗ ನೋಡುತ್ತಿದ್ದ. ಕೈ ನಿಜಕ್ಕೂ ಅಲುಗಲಿಲ್ಲ. ಬಾಯಿ ಮಾತ್ರ ಆಡುತ್ತಿತ್ತು. ಎಲೆ ಅಡಿಕೆಯ ಕವಳ ಹಾಕಿದ್ದಾರೆ ಎಂದುಕೊಂಡ. ಸ್ವಲ್ಪ ಹೊತ್ತಿನಲ್ಲಿ ಆ ಕಂಬದ ಸುತ್ತ ಜನ ಸೇರಿದರು. ಹತ್ತಾಯಿತು, ಇಪ್ಪತ್ತಾಯಿತು. ಹೊಟ್ಟೆ ಹಿಡಿದು ನಕ್ಕರು, ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ಬಡಿಸುವವರೂ ಜಿಲೇಬಿಯ ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟರು. ದಿನಕರ ಹುರುಪಿನಿಂದ ಒಂದರ ಮೇಲೊಂದು ಹಾಡು ಬೆರೆಸಿದ. ಇಂಥ ಕೈ ತನ್ನದೇ ಎಂದು ಅವನಿಗೇ ಅಚ್ಚರಿ.

ಸ್ಪೀಕರು ಬಿಚ್ಚಿ, ವಯರು ಸುತ್ತಿ, ಎಲ್ಲವನ್ನೂ ಟೆಂಪೋಕ್ಕೆ ಹೇರುವಷ್ಟರಲ್ಲಿ ಐದು ಗಂಟೆ.

"ಹೆಗ್ಡೇರೇ, ಸರಿ ಬಂದಿದ್ಯಾ ಒಂಚೂರು ಕೇಳ್ವ?"

"ಬಂದಿರದೇ ಎಂತ? ಬ್ಯಾಟರಿ ಖರ್ಚು ಮಾಡಬೇಡ. ನಡಿ ನಡಿ, ಬಸ್ಸು ಬರೂ ಹೊತ್ತಾತು."

ಬಸ್‌ಸ್ಟ್ಯಾಂಡಿನಲ್ಲಿ ಶಿವಲಿಂಗಪ್ಪನವರು ಬಿಳಿ ಜುಬ್ಬಾ ತೊಟ್ಟು, ಸುಣ್ಣ ಬಳಿದ ಗೋಡೆಯ ಹಾಗೆ ನಿಂತಿದ್ದರು. ಮುಖದಲ್ಲಿ ಒಂದು ಗೆರೆಯೂ ಆಡುತ್ತಿರಲಿಲ್ಲ. "ಮರಳಿ ಹೋಗೂ ಬಸ್ಸು ಇನ್ನ ಇಪ್ಪತ್ತ ಮಿನಿಟಿಗೈತಿ. ಕೇಳಸ್ರಿ."

ದಿನಕರ ಅವರ ಎರಡೂ ಕಿವಿಗೆ ತಾನೇ ಇಯರ್‌ಫೋನು ಸಿಕ್ಕಿಸಿ ಗುಂಡಿ ಒತ್ತಿದ. ಹೆಗಡೆಯವರು ಅದೇಕೋ ದೂರ ಸರಿದು, ತಮಗೆ ಬಾಯಿಪಾಠವಾಗಿದ್ದ ಬಸ್ಸಿನ ವೇಳಾಪಟ್ಟಿಯನ್ನು ಓದತೊಡಗಿದರು.

ಮೊದಲ ಒಂದು ನಿಮಿಷ ಶಿವಲಿಂಗಪ್ಪನವರ ಹುಬ್ಬು ಗಂಟಿಕ್ಕಿತ್ತು. ಆಮೇಲೆ ಒಂದು ಹುಬ್ಬು ಮೇಲೇರಿತು. ಮೀಸೆಯ ತುದಿ ಅಲುಗಿತು. ಹೊಟ್ಟೆ ಕುಣಿಯಿತು. ಐದು ನಿಮಿಷವಾಗುವಾಗ ಅವರು ಬೆಂಚಿನ ಮೇಲೆ ಕುಸಿದು, ತೊಡೆ ತಟ್ಟಿಕೊಂಡು, ಜುಬ್ಬದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ದಿನಕರನಿಗೆ ಕಾಲು ನೆಲದಲ್ಲಿರಲಿಲ್ಲ. ಯಲ್ಲಾಪುರದ ಬಾಗಿಲು ತೆರೆಯಿತು, ನಾಳೆ ಸಿದ್ದಾಪುರ, ಆಚೆ ನಾಡಿದ್ದು ಹುಬ್ಬಳ್ಳಿಯೇ!

"ಹೆಂಗ್ ಬಂದಿದೆ ಸರ್?"

"ಏನ್ ಕಲಾವಿದನೋ ಮಾರಾಯಾ!" ಶಿವಲಿಂಗಪ್ಪನವರು ಉಸಿರು ಎಳೆದುಕೊಂಡರು. "ಇಂಥಾ ಮನಶ್ಯಾನ್ನ ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ರಿ?"

"ನಾನೇ ಸರ್" ಎಂದ ದಿನಕರ, ತಲೆ ತಗ್ಗಿಸಿ.

"ನೀವಾ? ದನಿ ಬ್ಯಾರೆ ಐತಲ್ರೀ!"

ದಿನಕರ ಗಾಬರಿಯಾಗಿ ಒಂದು ಇಯರ್‌ಫೋನು ಕಿತ್ತು ತನ್ನ ಕಿವಿಗಿಟ್ಟುಕೊಂಡ. ಒಳಗಿನಿಂದ ಹೆಗಡೆಯವರ ಕಂಚಿನ ಕಂಠ ಮೊಳಗುತ್ತಿತ್ತು.

"ಎಲೈ ಸಾರಥಿ, ರಥವನ್ನು ನಿಲ್ಲಿಸು! ಆಗ್ನೇಯ ದಿಕ್ಕಿನ ಅಡುಗೆಮನೆಯಿಂದ ದಂಡೆತ್ತಿ ಬರುತ್ತಿರುವ ಜಿಲೇಬಿಯ ಬುಟ್ಟಿಯನ್ನು ಕಂಡೆಯಾ? ಅದನ್ನು ಅಡ್ಡಗಟ್ಟಿ ನಿಂತ ಈ ಮಹಾಕಾಯನಾರು? ವರನ ಸೋದರಮಾವನಲ್ಲವೇ! ಎಡಗೈಯಲ್ಲಿ ಹಪ್ಪಳವನ್ನು ಗುರಾಣಿಯಂತೆ ಹಿಡಿದು ಈತನು ಮಾಡುತ್ತಿರುವುದು ನರ್ತನವೋ? ಇಲ್ಲವೇ ಪಂಚೆಯೊಳಗೆ ಇರುವೆ ಹೊಕ್ಕ ವೇದನೆಯೋ?"

ಸುತ್ತ ಜನ ಗೊಳ್ಳೆಂದು ನಗುವ ಸದ್ದು. ಚಪ್ಪಾಳೆ. ಶಿಳ್ಳೆ. ಅವೆಲ್ಲದರ ಹಿಂದೆ, ಎಲ್ಲೋ ದೂರದಲ್ಲಿ, ಸಣ್ಣಗೆ ಧಡ್ ಧಡ್.

ದಿನಕರ ತಿರುಗಿ ನೋಡಿದ. ಹೆಗಡೆಯವರು ವೇಳಾಪಟ್ಟಿಗೆ ಇನ್ನಷ್ಟು ಹತ್ತಿರ ಸರಿದರು.

"ನಾನೆಂತ ಮಾಡ್ಲಿ ಮಾರಾಯ" ಎಂದರು, ಬೆನ್ನು ತಿರುಗಿಸಿಯೇ. "ಮೂವತ್ತು ವರ್ಷ ಬೇರೆಯವರ ಮಾತು ಹಿಡಿದಿದ್ದೇ ಆತು. ಕೆಂಪು ದೀಪ ಹತ್ತಿತು. ಎದುರಿಗೆ ಅರ್ಥ ಹೇಳೂವವರು ಯಾರೂ ಇರಲಿಲ್ಲ. ನಾಲಿಗೆ ತಾನೇ ಹೊರಟ್ತು."

ಶಿವಲಿಂಗಪ್ಪನವರಿಗೆ ಅಷ್ಟು ಸಾಕಾಯಿತು. ಓಡಿ ಹೋಗಿ ಹೆಗಡೆಯವರ ಎರಡೂ ಕೈ ಹಿಡಿದರು. ಪಕ್ಕದ ಅಂಗಡಿಯಿಂದ ಎಲೆ ಅಡಿಕೆ ತರಿಸಿ, ಅಲ್ಲಿಯೇ ವೀಳ್ಯ ಕೊಟ್ಟು, ಬರುವ ತಿಂಗಳ ಆರತಕ್ಷತೆಗೆ ಹೀಗೆಯೇ ಮಾತಾಡಬೇಕೆಂದು ಒಪ್ಪಿಸಿದರು.

"ಸರ್, ಮತ್ತೆ ಡಿಜೆ?" ಎಂದ ದಿನಕರ.

"ಅದು ಯಾಕ್ರಿ ಇನ್ನ? ಇವರು ಮಾತಾಡೂಮುಂದ ಅದು ಬ್ಯಾಡ. ನೀವ್ ಒಂದ್ ಮೈಕು ತಗೊಂಡ್ ಬರ್ರಿ, ಸಾಕು." ಶಿವಲಿಂಗಪ್ಪನವರು ಬಸ್ಸಿನ ಮೆಟ್ಟಿಲು ಹತ್ತಿ ಮತ್ತೆ ತಿರುಗಿದರು. "ಅಂದಹಾಂಗ, ಆ ಮಂಟಪದ ಮಗ್ಗಲಕ್ಕ ಯಾವುದೋ ರೈಸ್ ಮಿಲ್ಲು ನಡದಿತ್ತಲ್ರೀ, ಧಡ್ ಧಡ್ ಅಂತ. ಪಾಪ, ಇಷ್ಟ ಚಲೋ ಮಾತಿಗೆ ಅದೊಂದು ಕಾಟ. ಚಿಂತಿ ಮಾಡಬ್ಯಾಡ್ರಿ, ನಮ್ಮಲ್ಲಿ ಮಿಲ್ಲು ಇಲ್ಲ."

ಬಸ್ಸು ಹೊರಟಿತು. ಹೆಗಡೆಯವರು ವೀಳ್ಯವನ್ನು ಎದೆಗೊತ್ತಿಕೊಂಡು, ದಿನಕರನ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ಆಗಲೇ ಕಲಾವಿದರ ಗತ್ತು ಬಂದಿತ್ತು.

"ದಿನಕರಾ, ನಾಳೆಯಿಂದ ನನಗೆ ಅಭ್ಯಾಸ ಆಗ್ಬೇಕು. ಬೆಳಿಗ್ಗೆ ಹೊತ್ತು ನಿನ್ನ ಆ ಸ್ಪೀಕರು ಹಚ್ಚಬೇಡ, ಮಾತಿಗೆ ಅಡ್ಡ ಬರ್ತದೆ."