ನಮ್ಮ ಮೀನಿನ ತೊಟ್ಟಿಯ ತಿಳಿನೀರು

ಮೀನು ಸಾಕಿದ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಮೀನು ಹಾಯಾಗಿರುತ್ತದೆ, ಒದ್ದಾಡುವವರು ನಾವು. ಜೇವರ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಹಸಿರು ಗಿಡ, ನಾಲ್ಕು ಕೇಸರಿ ಮೀನು. ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ಬಂದು ಅದರ ಮುಂದೆ ಕುಳಿತರೆ ಮೀನಿನ ಜೊತೆ ನಾನೂ ತೇಲುತ್ತಿದ್ದೆ. ಚಹಾ ಆರಿದ್ದು ಗೊತ್ತಾಗುತ್ತಿರಲಿಲ್ಲ. ಆದರೆ ಈ ಸುಖವೆಲ್ಲ ನೀರು ತಿಳಿಯಾಗಿರುವ ತನಕ.

ಕೂಲರ್ ಮೋಟಾರು

ಅಂಗಡಿಯಿಂದ ತಂದ ಫಿಲ್ಟರು ಗುಳುಗುಳು ಅನ್ನುತ್ತಿತ್ತು, ಹೊಲಸು ಹಿಡಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಸುಮ್ಮನೆ ನಿಂತಿದ್ದ ಕೂಲರಿನ ಮೋಟಾರು ಬಿಚ್ಚಿ, ಸ್ಪಂಜು ಕಟ್ಟಿ ತೊಟ್ಟಿಗಿಳಿಸಿದೆ. ಮೀನುಗಳು ಗಿರಗಿರ ತಿರುಗಿದರೂ ನೀರು ತಿಳಿಯಾಯಿತು. ಬೇಸಿಗೆಗೆ ಅಂಗಡಿಯ ಫಿಲ್ಟರು ಮತ್ತೆ ತೊಟ್ಟಿಗೆ, ಮೋಟಾರು ಮತ್ತೆ ಕೂಲರಿಗೆ ಹೋಯಿತು. ಮೋಟಾರು ತೊಳೆಯುವುದೊಂದು ಮರೆತಿದ್ದೆ.

ಕೂಲರ್ ಹಾಕಿದ ಮೊದಲ ಮಧ್ಯಾಹ್ನವೇ ಆಳಂದದಿಂದ ಸೋದರಮಾವ ಬಂದರು. ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಕೂಲರಿನ ಮುಂದೆ ಕುಳಿತು, ಮೀನು ನಾರುವ ಗಾಳಿಗೆ ಎರಡು ಸಲ ಮೂಗು ಅರಳಿಸಿ, ನನ್ನನ್ನು ಹತ್ತಿರ ಕರೆದರು.

"ತಮ್ಮಾ, ಸಿಟ್ಟಾಗಬ್ಯಾಡ. ಮನ್ಯಾಗ ಯಾವಾಗಿಂದ ಶುರು ಮಾಡೀರಿ?"

ನಾನು ಗಾಬರಿಯಾಗಿ ತೊಟ್ಟಿ ತೋರಿಸಿದೆ. ಮಾವ ನಿಟ್ಟುಸಿರು ಬಿಟ್ಟರು.

"ಹಂಗಾದ್ರ ಇನ್ನೂ ನಾಕು ಉಳದಾವ!"

ಅವ್ವನ ಸಾಬೂನು

ಒಂದು ಸೋಮವಾರ ಮನೆಯೆಲ್ಲ ತೊಳೆದ ಅವ್ವ, ಫಿಲ್ಟರಿನ ಸ್ಪಂಜನ್ನೂ ಬಟ್ಟೆ ಸಾಬೂನು ಹಚ್ಚಿ ತಿಕ್ಕಿ ಬಿಸಿಲಿಗೆ ಒಣಗಹಾಕಿದ್ದಳು. ವಾರದೊಳಗೆ ನೀರು ಹಾಲಿನಂತಾಗಿ ಮೂರು ಮೀನು ಸತ್ತವು. ನಾನು ಸ್ಪಂಜು ಹಿಡಿದು ಅವ್ವನ ಮುಂದೆ ಕುಳಿತೆ.

"ಯವ್ವಾ, ಆ ಸ್ಪಂಜಿನ ಹೊಲಸಿನ್ಯಾಗ ಕಣ್ಣಿಗಿ ಕಾಣದ ಸಣ್ಣ ಜೀವ ಇರ್ತಾವ. ನೀರು ಚೊಲೊ ಇಡೋವು ಅವೇ."

"ಮೀನಾ ಉಳಿಯಾಕ ಹುಳಾ ಬೇಕು, ಹುಳಾ ಉಳಿಯಾಕ ಹೊಲಸು ಬೇಕು," ಎಂದು ಅವ್ವ ಬೆರಳು ಮಡಚಿದಳು. "ನಿನಗ ಹೆಣ್ಣು ಕೊಟ್ಟವರು ಭಾಳ ಗಟ್ಟಿ ಮಂದಿ ಬಿಡು."

ಆ ಹೆಣ್ಣು, ಅಂದರೆ ನನ್ನ ಹೆಂಡತಿ, ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಇನ್ನೊಮ್ಮಿ ನೀರು ಕೆಟ್ಟರ ಆ ಮೀನು ಕರಜಗಿ ಹೊಲದ ಬಾವಿಗಿ, ತೊಟ್ಟಿ ಗುಜರಿಗಿ. ಕೇಳಿಸ್ತೇನ್ರಿ?"

ಕೇಳಿಸಿತು.

ಚರಗ

ಉಳಿದ ಒಂದೇ ಮೀನಿಗಾಗಿ ನಾನೇ ಫಿಲ್ಟರು ಮಾಡಿದೆ. ದೊಡ್ಡ ಡಬ್ಬಿ, ಒಳಗೆ ಸ್ಪಂಜು, ಅದರ ಕೆಳಗೆ ತೊಳೆದ ಇಟ್ಟಿಗೆ ಚೂರು, ಸಣ್ಣ ಮೋಟಾರು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡುತ್ತಿದ್ದೆ. ಎರಡು ತಿಂಗಳಿಗೆ ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಯಿತು. ಮೀನು ಗಾಳಿಯಲ್ಲೇ ತೇಲಿದಂತೆ ಕಾಣುತ್ತಿತ್ತು. ನನ್ನ ಚಹಾ ಮತ್ತೆ ಆರತೊಡಗಿತು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಬೆಳೆಗೆ ಚರಗ, ಅಂದರೆ ಹಬ್ಬದಡುಗೆಯ ಎಡೆ, ಚೆಲ್ಲಲು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನ. ಮೊಣಕಾಲು ನೋವೆಂದು ಅವ್ವ ಮನೆಯಲ್ಲೇ ಉಳಿದಳು. ನಾವಿಬ್ಬರೂ ಕರಜಗಿಯ ಹೊಲಕ್ಕೆ ಹೋಗಿ ಸಂಜೆ ಬಂದು ನೋಡಿದರೆ ತೊಟ್ಟಿಯಲ್ಲಿ ಸಜ್ಜೆ ಕಡುಬು, ಭಜ್ಜಿ, ಪುಂಡಿಪಲ್ಯ ತೇಲುತ್ತಿವೆ. ಮೀನು ಒಂದು ಅವರೆಕಾಳಿನ ಹಿಂದೆ ಅಡಗಿತ್ತು.

"ವರ್ಷದ ಚರಗಾ ತಪ್ಪಿಸಬಾರದಲ್ಲಪಾ," ಅಂದಳು ಅವ್ವ. "ಈ ಮನ್ಯಾಗ ಹಸರು ಅಂಬೋದು ಅದೊಂದರಾಗೇ ಇತ್ತು."

ಹೆಂಡತಿ ಬಕೆಟ್ ತಂದಿಟ್ಟಳು. "ಮೂರು ದಿನಾ ನೋಡ್ತೀನಿ. ಆಮ್ಯಾಲ ಬಾವಿ."

ಚಹಾ ಸೋಸುವ ಜಾಲರಿಯಿಂದ ಕಡುಬು, ಕಾಳು ಎಲ್ಲ ಎತ್ತಿದೆ. ಅರ್ಧ ನೀರು ಬದಲಿಸಿದೆ. ಉಳಿದದ್ದು ಡಬ್ಬಿಯ ಪಾಲು. ಎರಡು ದಿನ ತೊಟ್ಟಿಯಲ್ಲಿ ಬರೀ ಸಾರು. ಮೂರನೆಯ ಬೆಳಿಗ್ಗೆ ರೊಟ್ಟಿ ಸೀದ ವಾಸನೆಗೆ ಎದ್ದು ಬಂದೆ. ಹೆಂಡತಿ ಬಕೆಟನ್ನು ಬೋರಲು ಹಾಕಿ, ಅದರ ಮೇಲೇ ಕುಳಿತು ತೊಟ್ಟಿ ನೋಡುತ್ತಿದ್ದಳು. ನೀರು ತಿಳಿ. ಬೆಳಗಿನ ಬಿಸಿಲಲ್ಲಿ ಮೀನು ಮೆಲ್ಲಗೆ ತಿರುಗುತ್ತಿತ್ತು.

"ರೊಟ್ಟಿ ಸೀದದ," ಅಂದೆ.

"ಸೀದ್ರ ಸೀಯಲಿ. ಸುಮ್ಮ ಕುಂದರ್ರಿ," ಅಂದಳು, ಕಣ್ಣು ಕೀಳದೆ.

ನನ್ನ ಡಬ್ಬಿ ಗೆದ್ದಿತ್ತು! ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕುಂಟುತ್ತ ಬಂದು ನೀರು ನೋಡಿದಳು, ಕೈ ಮುಗಿದಳು.

"ನೋಡಿದಿಲ್ಲೋ ತಮ್ಮಾ ಚರಗದ ಗುಣಾ? ಇನ್ನ ಆ ಡಬ್ಬಿ ಬಿಚ್ಚಿ ಕೊಡು, ಹಿಟ್ಟು ತುಂಬಾಕ ಬೇಕು."