ಹಸುವಿನ ಪರವಾಗಿ

ನೀವೇನು ಕೆಲಸ ಮಾಡ್ತೀರಿ ಎಂದರೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಷ್ಟ್ರು ಮೇಷ್ಟ್ರು ಅಂತಾರೆ, ಕಂಡಕ್ಟರು ಕಂಡಕ್ಟರು ಅಂತಾರೆ, ಅಲ್ಲಿಗೆ ಮುಗಿಯಿತು. ಮೊದಲು ನಾನು ಹಾಲು ಕರೆಯುವ ಹಸುಗಳ ರೋಗನಿರೋಧಕ ಶಕ್ತಿಯ ಮೇಲೆ ಸಂಶೋಧನೆ ಮಾಡಿದವಳು. ಕೆಚ್ಚಲು ಬಾವು ಬಂದ ಹಸು ಯಾಕೆ ಹಾಗೆ ಮಂಕಾಗಿ ಮೂಲೆ ಹಿಡಿಯುತ್ತದೆ, ಮೈಯೊಳಗಿನ ಬಾವು ಮನಸ್ಸನ್ನೂ ಕುಗ್ಗಿಸುತ್ತದೆಯೇ ಎಂದು ಹುಡುಕುತ್ತ ಹುಡುಕುತ್ತ, ಮೈಸೂರಿನಲ್ಲಿ ಮನೋರೋಗ ಚಿಕಿತ್ಸೆಯ ಸಂಶೋಧನೆಗೆ ಬಂದು ಕೂತೆ. ನನ್ನ ಲೆಕ್ಕದಲ್ಲಿ ಇದೆಲ್ಲ ಒಂದೇ ದಾರಿ. ಸೋಸಲೆಯ ನಮ್ಮ ಬೀದಿಯವರ ಲೆಕ್ಕವೇ ಬೇರೆ. "ದನಿನ ಕೆಲ್ಸ ಕೈ ಅತ್ಲಿಲ್ವಂತೆ ಪಾಪ, ಈಗ ತಲೆ ಕೆಟ್ಟೋರ ಜತೇಲಿ ಅವ್ಳಂತೆ" ಎನ್ನುತ್ತಾರೆ. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೂ ಹಸುವಿಗೆ ಸೂಜಿ ಚುಚ್ಚುವ ಹಕ್ಕು ನನಗಿಲ್ಲ, ಮನುಷ್ಯರಿಗೆ ಮಾತ್ರೆ ಬರೆಯುವ ಹಕ್ಕೂ ಇಲ್ಲ. ಇದನ್ನು ನಮ್ಮಮ್ಮನಿಗೇ ಇನ್ನೂ ಅರ್ಥ ಮಾಡಿಸಲಾಗಿಲ್ಲ.

ಹಸುವಿನ ಕಾಲದಲ್ಲೂ ನನ್ನ ಮರ್ಯಾದೆ ಅಷ್ಟಕ್ಕಷ್ಟೆ. ಪರೀಕ್ಷೆಗೆಂದು ಹಾಲಿನ ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಟಿ. ನರಸೀಪುರದ ಬಸ್ಸು ಹತ್ತುತ್ತಿದ್ದೆ. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯಲು ಬಂದವಳು ಇವಳು ಎಂದು ಯಾರೋ ಸುದ್ದಿ ಹಬ್ಬಿಸಿದರು. ಮಾರನೆಯ ವಾರದಿಂದ ನಾನು ಹೋದ ಮನೆಗಳಲ್ಲೆಲ್ಲ ಹಸುಗಳು ಒಟ್ಟಿಗೇ ಬತ್ತಿಬಿಟ್ಟಿದ್ದವು.

ಇಂಥ ನನಗೆ ಒಂದು ದಿನ ಹೆಮ್ಮರಗಾಲದಿಂದ ದೊಡ್ಡಪ್ಪ ಫೋನ್ ಮಾಡಿದ. ನಮ್ಮಮ್ಮನ ಅಕ್ಕನ ಗಂಡ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೂರು ತಲೆಮಾರು ಕೇಳಿ ತಿಳಿದುಕೊಳ್ಳದೆ ಇಳಿಯದ ಮನುಷ್ಯ. ಅವತ್ತು ಮಾತ್ರ ದನಿ ಬಾವಿಯೊಳಗಿಂದ ಬಂದಂತಿತ್ತು. "ಅಸಿಗೆ ಉಸಾರಿಲ್ಲ ಕಣವ್ವ. ಮೇವು ಮುಟ್ಟಲ್ಲ, ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ಬೆಳಗಾದ್ರೆ ಏಳಕ್ಕೇ ಮನಸಿಲ್ಲ ಅದ್ಕೆ."

ಭಾನುವಾರ ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ಹೋದೆ. ಹಸುವಿನ ಕಣ್ಣು ನೋಡಿದೆ, ಕೆಚ್ಚಲು ಮುಟ್ಟಿದೆ, ಜ್ವರ ನೋಡಿದೆ. ಅದು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು, ಆಮೇಲೆ ನನ್ನ ದುಪಟ್ಟಾದ ತುದಿಯನ್ನೂ ಬಾಯಿಗೆ ಹಾಕಿಕೊಂಡಿತು. "ಗುಂಡುಕಲ್ಲಿನಂಗಿದೆ ದೊಡ್ಡಪ್ಪ" ಎಂದೆ.

"ಸರ್ಯಾಗಿ ನೋಡವ್ವ. ಯಾರ್ ಜತೇಲೂ ಮಾತಾಡಲ್ಲ ಅದು. ಮುಂದಿಟ್ಟ ಕಾಪಿನೂ ಅಂಗೇ ಆರೋಯ್ತದೆ."

ನಾನು ಹಸುವನ್ನು ಬಿಟ್ಟು ದೊಡ್ಡಪ್ಪನ ಮುಖ ನೋಡಿದೆ. ಅಂಗಿ ಮೈಮೇಲೆ ನೇತಾಡುತ್ತಿತ್ತು. ಗಡ್ಡ ಬೆಳೆದಿತ್ತು. ಇಷ್ಟೆಲ್ಲ ಓದಿದವಳು ಅರ್ಧ ಗಂಟೆಯಿಂದ ತಪ್ಪು ಪ್ರಾಣಿಗೆ ಜ್ವರ ನೋಡುತ್ತಿದ್ದೆ. ಅಡಿಗೆಮನೆಯಲ್ಲಿ ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮೊನ್ನೆ, ನಾನಿದ್ದು ಏನ್ ಪ್ರಯೋಜ್ನ ಅಂದ್ರು ಕಣವ್ವ. ಮೈಸೂರ್ಗೆ ಓಗಿ ತೋರ್ಸವ ಅಂದ್ರೆ, ಉಚ್ಚ ಅನ್ನಿಸ್ಕಂಡು ಊರೊಳಗೆ ಎಂಗೆ ತಿರುಗಾಡದು ಅಂತಾರೆ." ಈ ಮನುಷ್ಯ ನಮ್ಮ ಕೈತಪ್ಪಿ ಹೋಗಿಬಿಟ್ಟರೆ ಎಂದು ಹೆದರಿದೆ.

ಕೊಟ್ಟಿಗೆಗೆ ಬಂದು, "ಈ ಹಸುಗೆ ಮೈಸೂರಲ್ಲೇ ತೋರಿಸ್ಬೇಕು ದೊಡ್ಡಪ್ಪ, ನಾಳೆನೇ" ಎಂದೆ.

"ಬಸ್ಸಲ್ಲಿ ಅತ್ತಿಸ್ಕತಾರಾ?"

"ಅದು ಬರೋದು ಬೇಡ. ಅದರ ಪರವಾಗಿ ನೀನು ಬಂದು ಎಲ್ಲ ಹೇಳಿದ್ರೆ ಸಾಕು."

ದೊಡ್ಡಪ್ಪ ಹಸುವಿನ ಬೆನ್ನು ಸವರುತ್ತ ಯೋಚಿಸಿದ. "ಅದೂ ಸರಿಯೇ. ಅದ್ಕೆ ಬಾಯಿಲ್ಲ, ನಾನೇ ಏಳ್ಬೇಕು."

ನನ್ನ ಜೊತೆ ಕೆಲಸ ಮಾಡುವ ಮನೋವೈದ್ಯರು ಹಳ್ಳಿಯಿಂದ ಬಂದವರು. ಸ್ವಲ್ಪವೂ ನಗದೆ, "ಹಸು ಯಾವಾಗಿಂದ ಹೀಗಿದೆ ಯಜಮಾನ್ರೆ?" ಎಂದು ಶುರು ಮಾಡಿದರು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಕೊನೆಗೆ, "ಮಾತ್ರೆ ಮಾತ್ರ ನೀವೇ ನುಂಗಬೇಕು. ಅಷ್ಟು ದೊಡ್ಡ ಪ್ರಾಣಿಗೆ ಇದು ಸಾಲಲ್ಲ" ಎಂದರಂತೆ. ದೊಡ್ಡಪ್ಪ ವಾಪಸು ಹೋಗುವಾಗ ನಂಜನಗೂಡಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕೊಂಡ. ದನಕ್ಕೆ ಮಾತ್ರೆ ಕೊಡುವ ಪದ್ಧತಿಯಂತೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಹಣ್ಣಿನೊಳಗೆ ಹುದುಗಿಸಿ, ತಾನೇ ತಿಂದ.

ನಿಧಾನಕ್ಕೆ ಅಂಗಿ ಮೈಗೆ ಹತ್ತಿತು, ಬಸ್ಸಿನಲ್ಲಿ ಪಕ್ಕದವರಿಗೆ ಕಾಟ ಶುರುವಾಯಿತು. ಸುದ್ದಿಯೂ ಹಬ್ಬಿತು. ಈಗ ದೇವನೂರಿನ ಹಸುಗಳಿಗೆ ನಿದ್ದೆ ಬರುತ್ತಿಲ್ಲ. ನರಸೀಪುರದ ಎಮ್ಮೆಯೊಂದಕ್ಕೆ ಸುಮ್ಮಸುಮ್ಮನೆ ಅಳು ಬರುತ್ತದೆ. ಹಸುವೇ ಇಲ್ಲದ ಒಬ್ಬರು, ಪಕ್ಕದ ಮನೆಯ ಹಸುವಿನ ಬಗ್ಗೆ ಸಂಕೋಚದಿಂದ ಕೇಳಿದರು. ಎಲ್ಲರನ್ನೂ ಹಸುವಿನ ಪರವಾಗಿಯೇ ಆ ಮನೋವೈದ್ಯರ ಬಳಿಗೆ ಕಳಿಸುತ್ತೇನೆ.

ಮೊನ್ನೆ ಹಸು ಕರು ಹಾಕಿತೆಂದು ದೊಡ್ಡಪ್ಪ ಮೈಸೂರಿನ ನಮ್ಮ ಮನೆಗೆ ಗಿಣ್ಣು ತಂದ. ಆ ಮೊದಲ ಹಾಲಿನಿಂದ ಕರುವಿಗೆ ಬರುವ ಶಕ್ತಿಯ ಬಗ್ಗೆಯೇ ನಾನು ಪ್ರಬಂಧ ಬರೆದು ಡಾಕ್ಟರ್ ಆದದ್ದು. ತಟ್ಟೆ ಮುಂದಿತ್ತು, ತಿನ್ನಲು ಮನಸ್ಸಿರಲಿಲ್ಲ. ಈಗಿನ ಕೆಲಸದಲ್ಲಿ ವರ್ಷಗಟ್ಟಲೆ ಮಾಡಿದ ಪ್ರಯೋಗ ತಲೆಕೆಳಗಾಗಿ, ನನಗೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ.

"ಯಾಕವ್ವ, ಉಸಾರಿಲ್ವಾ?" ಎಂದ.

"ನನಗೇನು ದೊಡ್ಡಪ್ಪ, ಚೆನ್ನಾಗೇ ಇದ್ದೀನಿ" ಎಂದೆ, ಮನಸ್ಸಿನ ಕಾಯಿಲೆಗೆ ನಾಚಬಾರದು ಎಂದು ಊರೂರಲ್ಲಿ ಭಾಷಣ ಮಾಡುವ ನಾನು.

ಅವನು ಎರಡನೇ ಮಹಡಿಯ ಆ ಪುಟ್ಟ ಮನೆಯನ್ನು, ಬಾಲ್ಕನಿಯ ತುಳಸಿ ಕುಂಡವನ್ನು ಒಂದು ಸಲ ಸುತ್ತ ನೋಡಿದ. "ಇಲ್ಲಿ ಅಸ ಏನಾರ ಕಟ್ಟಿದ್ದೀಯವ್ವ?"

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಒಂದಿದೆ ದೊಡ್ಡಪ್ಪ. ಯಾಕೋ ಮೇವು ಮುಟ್ತಿಲ್ಲ."

ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಏಳು ಮತ್ತೆ, ಓಗಿ ತೋರ್ಸವ. ಬಾಳೆಅಣ್ಣು ನಾನ್ ತತ್ತೀನಿ."